ಅಕ್ಕಸಾಲಿಯ ತಕ್ಕಡಿ, ಚೋಂದಮ್ಮನ ಕೋವಿ

ನಾನು ಒಂದು ಪುಟ್ಟ ಹಿತ್ತಾಳೆ ತಕ್ಕಡಿ. ರೆಪ್ಪೆಯ ಒಂದು ಕೂದಲು ಬಿದ್ದರೂ ವಾಲುತ್ತೇನೆ. ವಿರಾಜಪೇಟೆಯ ಅಕ್ಕಸಾಲಿ ವಾಸುದೇವಾಚಾರ್ಯರು ನನ್ನನ್ನು ಕೈಯಾರೆ ಮಾಡಿದರು. ಎರಡು ತಟ್ಟೆಗಳೂ ಸಮನಾಗುವವರೆಗೆ ಹನ್ನೊಂದು ದಿನ ಅರ ಹಿಡಿದು ಕೂತಿದ್ದರಂತೆ. ಇಪ್ಪತ್ತೆಂಟು ವರ್ಷ ಅವರ ಅಂಗಡಿಯಲ್ಲಿ ಮೂಗುತಿ, ಓಲೆ ತೂಗಿದೆ. ಆಚಾರ್ಯರ ಕಣ್ಣು ಮಂಜಾಯಿತು, ಅಂಗಡಿ ಮುಚ್ಚಿತು.

ಆಗ ನನ್ನನ್ನು ಕೊಳ್ಳಲು ಬಂದವರು ನಿವೃತ್ತ ಸುಬೇದಾರ್ ಮಾಚಯ್ಯ. ದೂರದ ಗುರಿಗೆ ಕೋವಿ ಹೊಡೆಯುವ ಸ್ಪರ್ಧೆಗಳೆಂದರೆ ಅವರಿಗೆ ಪ್ರಾಣ. ಪರವಾನಗಿ ಪಡೆದು ತೋಟೆಗಳನ್ನು ಮನೆಯಲ್ಲೇ ತುಂಬುತ್ತಿದ್ದರು. ಖಾಲಿ ತೋಟೆಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಗುಂಡು ಒತ್ತುವ ಕೆಲಸ ಅದು. ಚಿನ್ನ ತೂಗಿದ ತಕ್ಕಡಿಯಲ್ಲಿ ಮದ್ದೇ ಎಂದು ಆಚಾರ್ಯರು ಮೊದಲು ಮುಖ ಗಂಟಿಕ್ಕಿದರು. ಮಾಚಯ್ಯ ನನ್ನನ್ನು ಎರಡು ಬೆರಳಲ್ಲಿ ಎತ್ತಿದ ರೀತಿ ಕಂಡು ಮೆತ್ತಗಾದರು.

ಅಮ್ಮತ್ತಿಯ ಆ ಮನೆಯಲ್ಲಿ ಕಿಟಕಿಯ ಪಕ್ಕದ ಮೇಜು ನನ್ನ ಜಾಗ. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಮಾಚಯ್ಯನವರ ಬಿಳಿ ಮೀಸೆ ಮತ್ತು ಅವರ ಹೆಂಡತಿ ಚೋಂದಮ್ಮನ ಕನ್ನಡಕ. ಚೋಂದಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ತಂದೆಯಿಂದ ಬಂದ ಕೋವಿಯಲ್ಲಿ ಅವರೂ ಗುರಿ ಹೊಡೆಯುತ್ತಿದ್ದರು.

ಒಂದು ವರ್ಷ ಇಬ್ಬರೂ ಆರುನೂರು ಮೀಟರಿನ ಸ್ಪರ್ಧೆಗೆ ಹೆಸರು ಕೊಟ್ಟರು. ಮಾಚಯ್ಯ ಎರಡೂ ಕೋವಿಗಳಿಗೆ ಒಂದೇ ಅಳತೆಯ ಮದ್ದು ತುಂಬಿದರು. ಅಭ್ಯಾಸದಲ್ಲಿ ಅವರ ಗುಂಡುಗಳು ಒಂದೆಡೆ ಕೂತವು. ಚೋಂದಮ್ಮನವು ಅಂಗಳಕ್ಕೆ ಎರಚಿದ ಅಕ್ಕಿಯಂತೆ ಚದುರಿದವು.

“ಕೈ ನಡುಗುತ್ತೆ ಮಾರಾಯ್ತಿ. ಅರವತ್ತೆರಡು ಆಯ್ತಲ್ಲ,” ಎಂದರು ಮಾಚಯ್ಯ.

ಮರುದಿನ ಬೆಳಿಗ್ಗೆ ಚೋಂದಮ್ಮ ಮೇಜಿಗೆ ಬಂದು ನನ್ನನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ನಿಮ್ಮ ಕೋವಿಗೆ ಏನು ಹಿಡಿಸುತ್ತೆ ಅಂತ ನಿಮಗೆ ಗೊತ್ತು. ನನ್ನದನ್ನು ನಾನೇ ಕೇಳ್ತೇನೆ.”

ಆ ಮೂರು ವಾರ ನನಗೆ ಹಬ್ಬ. ಮದ್ದನ್ನು ಗಂಡನ ಅಳತೆಯಿಂದ ಒಂದೊಂದು ಚೂರೇ ಇಳಿಸುತ್ತ, ಪ್ರತಿ ಅಳತೆಗೂ ಐದೈದು ತೋಟೆ ತುಂಬಿ, ಬೇರೆ ಬೇರೆ ಬಣ್ಣ ಹಚ್ಚಿದರು. ನನ್ನ ಮುಳ್ಳು ಕೂದಲೆಳೆಯಷ್ಟು ಸರಿದರೂ ತಟ್ಟೆ ಖಾಲಿ ಮಾಡಿ ಮತ್ತೆ ತೂಗುತ್ತಿದ್ದರು. ಗುರಿ ಹೊಡೆದು ತಂದ ಕಾಗದಗಳನ್ನು ಗೋಡೆಗೆ ಅಂಟಿಸಿದರು. ಹಳದಿ ತೋಟೆಗಳ ತೂತುಗಳು ಚದುರಿದ್ದವು. ಕೆಂಪಿನವು ಸ್ವಲ್ಪ ಕೂಡಿದ್ದವು. ಹಸಿರಿನ ಐದು ತೂತುಗಳು ಒಂದನ್ನೊಂದು ಮುಟ್ಟಿಕೊಂಡು ಜಾಜಿ ಹೂವಿನ ಹಾಗಿದ್ದವು. ಚೋಂದಮ್ಮ ಅದರ ಮೇಲೆ ಹೆಬ್ಬೆರಳಿಟ್ಟರು. ಪೂರಾ ಮುಚ್ಚಿಹೋಯಿತು. ಒಬ್ಬರೇ ನಿಂತು ನಕ್ಕರು.

ಸ್ಪರ್ಧೆಗೆ ನನ್ನನ್ನು ಒಯ್ಯಲಿಲ್ಲ. ಆದರೂ ಅಲ್ಲಿ ನಡೆದದ್ದು ನನಗೆ ಬಾಯಿಪಾಠ. ಬಂದ ನೆಂಟರಿಗೆಲ್ಲ ಈ ಮೇಜಿನ ಪಕ್ಕದಲ್ಲೇ ಅದನ್ನು ಹೇಳಿದವರು ಸ್ವತಃ ಮಾಚಯ್ಯ. ಗಾಳಿ ಎದ್ದದ್ದು, ಎಳೆಯ ಹುಡುಗರೆಲ್ಲ ಅವಸರಪಟ್ಟದ್ದು, ಇವಳೊಬ್ಬಳು ಗಾಳಿ ತಗ್ಗುವವರೆಗೆ ನೆಲದ ಮೇಲೆ ಕೋವಿ ಹಿಡಿದು ಕಲ್ಲಿನ ಹಾಗೆ ಮಲಗಿದ್ದದ್ದು. ಇಪ್ಪತ್ತು ಗುಂಡುಗಳಲ್ಲಿ ಹದಿನೆಂಟು ನಟ್ಟನಡುವೆ. ಚೋಂದಮ್ಮ ಮೊದಲನೆಯವರು. ತಾವು ಏಳನೆಯವರೆಂಬುದನ್ನೂ ಮಾಚಯ್ಯ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು.

ಗೆದ್ದು ಬಂದ ಸಂಜೆ ಮಾಚಯ್ಯ ತಮ್ಮ ಖಾಲಿ ತೋಟೆಗಳ ಡಬ್ಬವನ್ನು ತಂದು ಹೆಂಡತಿಯ ಮುಂದಿಟ್ಟರು. ಮೀಸೆ ತಿರುವಿ, ಕಿಟಕಿಯಾಚೆ ನೋಡುತ್ತ ಮೆಲ್ಲಗೆ, “ನನ್ನ ಕೋವಿಯನ್ನೂ ಒಂದು ಸಲ ಕೇಳಿ ನೋಡು,” ಎಂದರು.

ವರ್ಷಗಳು ಉರುಳಿದವು. ತಟ್ಟೆಗಳನ್ನು ಹೊತ್ತ ನನ್ನ ತೊಲೆ ಸ್ವಲ್ಪ ಬಾಗಿತು. ಅಂಕಿ ಮಿನುಗುವ ಹೊಸ ತಕ್ಕಡಿ ಬಂತು, ನಾನು ಗಾಜಿನ ಕಪಾಟು ಸೇರಿದೆ. ಬೇಸರವೇನಿಲ್ಲ. ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಅವರಿಬ್ಬರ ಜಗಳ ಚೆನ್ನಾಗಿ ಕೇಳಿಸುತ್ತದೆ.

ಮೊನ್ನೆ ಹೊಸದರ ಸೆಲ್ ಮುಗಿದಿತ್ತು. ಚೋಂದಮ್ಮ ನನ್ನನ್ನು ತೆಗೆದು, ಸೆರಗಿನಿಂದ ಒರೆಸಿ, ಬಾಗಿದ ತೊಲೆಗೆ ತಕ್ಕಂತೆ ಮುಳ್ಳು ಸರಿಪಡಿಸಿ ಮೇಜಿನ ಮೇಲಿಟ್ಟರು. ಒಂದೊಂದೇ ಕಾಳು ಮದ್ದು ತಟ್ಟೆಗೆ ಬಿತ್ತು. ನಾನು ಅಲುಗದಿರಲೆಂದು ಎರಡು ಬಿಳಿ ತಲೆಗಳು ನನ್ನ ಮೇಲೆ ಬಾಗಿ ಉಸಿರು ಬಿಗಿಹಿಡಿದವು. ನಾನೂ ಆದಷ್ಟು ಬೇಗ ನಿಂತೆ. ಪಾಪ, ವಯಸ್ಸಾದವರು, ಎಷ್ಟು ಹೊತ್ತು ಹಾಗಿರಲು ಆದೀತು?