ಖಿಮುಲಿ ಮರ ತಟ್ಟಿದ್ದು

ಖಿಮುಲಿಯ ಮಗ ಕುಂದನನ ಮದುವೆಗೆ ಎಲ್ಲ ಸಿದ್ಧವಾಗಿತ್ತು. ಸಿಂಗಲ್ ಎಂಬ ಸಿಹಿತಿಂಡಿ ಕರಿಯಲು ಅಲ್ಮೋಡಾದಿಂದ ರವೆ ಬಂದಿತ್ತು, ಡೋಲಿನವರಿಗೆ ಮಾತು ಕೊಟ್ಟಾಗಿತ್ತು. ಸೌದೆ ಒಂದೇ ಬಾಕಿ. ಸೌದೆಯೆಂದರೆ ಓಕ್ ಸೌದೆಯೇ ಆಗಬೇಕು. ಪೈನ್ ಉರಿಸಿದರೆ ಹೊಗೆಗೆ ನೆಂಟರ ಕಣ್ಣೆಲ್ಲ ನೀರು. ಮದುವೆ ಮನೆಗೆ ವನ ಪಂಚಾಯತಿ ಒಂದು ಒಣಗಿದ ಓಕ್ ಮರ ಕೊಡುವುದು ಊರಿನ ರೂಢಿ. ಪಂಚಾಯತಿಯ ಸರಪಂಚೆ ಯಾರು? ಖುದ್ದು ಖಿಮುಲಿ! ಮತ್ತೆ ಚಿಂತೆ ಯಾಕೆ ಬೇಕಿತ್ತು, ಹೇಳಿ.

ಬೇಕಿತ್ತು. ಕೊಡಲಿ ಹಾಕುವ ಮುನ್ನ ಸರಪಂಚೆ ಕುಡುಗೋಲಿನ ಹಿಡಿಯಿಂದ ಕಾಂಡಕ್ಕೆ ತಟ್ಟಬೇಕು. ಪೊಟರೆಯಿಂದ ಮರಕುಟಿಗ ತಲೆ ಹೊರಹಾಕಿತೋ, ಆ ವರ್ಷ ಮರ ಹಕ್ಕಿಯದು. ಈ ಕಟ್ಟಳೆ ತಂದವಳೂ ಅವಳೇ. ಎದುರು ಗುಡ್ಡದ ಹಳೆಯ ಮರಗಳನ್ನೆಲ್ಲ ಕಡಿದು ಮುಗಿಸಿದ ಮೇಲೆ ಮರಕುಟಿಗ ಕಾಣೆಯಾಯಿತು, ಉಳಿದ ಓಕ್‌ಗಳಿಗೆ ಹುಳ ಹತ್ತಿತು, ಎಮ್ಮೆಗಳಿಗೆ ಸೊಪ್ಪಿಲ್ಲದಾಯಿತು. ಅದನ್ನು ಅವಳು ಕಣ್ಣಾರೆ ಕಂಡಿದ್ದಳು.

ಹೋದ ವರ್ಷ ನೆರೆಮನೆಯ ಜಸುಲಿ ಮಗಳ ಮದುವೆಗೆ ಮರ ಕೇಳಿದಾಗ ಖಿಮುಲಿ ಕಾಂಡಕ್ಕೆ ಎಂಥ ಪೆಟ್ಟು ಕೊಟ್ಟಿದ್ದಳೆಂದರೆ, ಹಕ್ಕಿಯೇನು, ಕಣಿವೆಯಾಚೆಯ ನಾಯಿಯೂ ಬೊಗಳಿತ್ತು. ಹಕ್ಕಿ ಹೊರಬಂತು, ಮರ ಉಳಿಯಿತು, ಜಸುಲಿಯ ಮನೆಯ ಊಟ ಪೈನ್ ಹೊಗೆಯಲ್ಲಿ ಬೆಂದಿತು. ಅಂದಿನಿಂದ ಇಬ್ಬರಿಗೂ ಅಷ್ಟಕ್ಕಷ್ಟೆ.

ಈಗ ಅದೇ ಜಸುಲಿ ಸೊಪ್ಪಿನ ಹೊರೆ ಇಳಿಸಿ, ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಖಿಮುಲಿಯ ಮೈದುನ ಪಾನ್ ಸಿಂಗ್ ಒಣಗಿದ ಓಕ್ ಮರದ ಪಕ್ಕ ಕೊಡಲಿ ಹಿಡಿದು ನಿಂತಿದ್ದ. ಖಿಮುಲಿ ತಟ್ಟಿದಳು, ಮಗು ಮಲಗಿಸುವವರ ಹಾಗೆ.

“ಏನ್ ದೀದಿ, ಮರಕ್ಕೆ ಜೋಗುಳ ಹಾಡ್ತಿದ್ದೀಯಾ?” ಎಂದಳು ಜಸುಲಿ.

“ತಟ್ಟಿದ್ದಾಯ್ತಲ್ಲ! ಹಕ್ಕಿನೂ ಇಲ್ಲ, ಗಿಕ್ಕಿನೂ ಇಲ್ಲ. ಆಚೆ ಸರೀರಿ ಅತ್ತಿಗೆ,” ಎಂದ ಪಾನ್ ಸಿಂಗ್.

ಖಿಮುಲಿ ಸರಿದಳು. ಸರಿಯುವಾಗ ಮರದ ಬುಡದಲ್ಲಿ ಬಿದ್ದಿದ್ದ ಹೊಸ ಚಕ್ಕೆಗಳು ಕಂಡವು, ಕೊಕ್ಕಿನಿಂದ ಈಚೆಗಷ್ಟೇ ಕೊರೆದವು. ಥೂ, ಈ ಕಣ್ಣಿಗೆ ಇದೆಲ್ಲ ಯಾಕಾದರೂ ಬೀಳುತ್ತದೋ! ಇರುವವನು ಒಬ್ಬನೇ ಮಗ. ಸುಮ್ಮನಿದ್ದರೆ ಕೇಳುವವರಾರು? ಆದರೂ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ನಿಲ್ಲೋ,” ಎಂದವಳೇ ದಡ್ಡನೆ ಬಡಿದಳು.

ಕೆಂಪು ತುರಾಯಿಯ ತಲೆಯೊಂದು ಪೊಟರೆಯಿಂದ ಇಣುಕಿ, ಮೂವರನ್ನೂ ಚೆನ್ನಾಗಿ ಬೈದು ಒಳಗೆ ಹೋಯಿತು.

“ಈಗೇನ್ರೀ ಅತ್ತಿಗೆ ಮಾಡೋದು?”

“ಪೈನ್ ತರೋದು, ಇನ್ನೇನು!” ಖಿಮುಲಿ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. ಜಸುಲಿ ಹೊರೆ ಎತ್ತಿಕೊಂಡು ಹೋದಳು.

ಮದುವೆಯ ಹಿಂದಿನ ಸಂಜೆ ಅಂಗಳದ ಒಲೆ ಹೊಗೆ ಕಾರುತ್ತಿತ್ತು. ಧೊಪ್ಪನೆ ಏನೋ ಬಿತ್ತು. ನೋಡಿದರೆ ಒಣ ಓಕ್ ಸೌದೆಯ ಹೊರೆ! ಹಿಂದೆ ಜಸುಲಿ, ಅವಳ ಹಿಂದೆ ಸೊಪ್ಪಿಗೆ ಹೋಗುವ ಹೆಂಗಸರೆಲ್ಲ, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಹೊರೆ.

“ಚಳಿಗಾಲಕ್ಕೆ ಇಟ್ಕೊಂಡಿದ್ದಲ್ವೇನೇ ಇದು?” ಎಂದಳು ಖಿಮುಲಿ.

“ಹೌದು. ನನ್ನ ಮಗಳ ಮದುವೇಲಿ ಹೊಗೆಗೆ ಎಲ್ರೂ ಅತ್ರು. ಮಗಳನ್ನ ಕಳಿಸೋ ಮನೆ, ಅಲ್ಲಿ ಅದು ಒಪ್ತು. ನೀವೆಲ್ಲ ಇಲ್ಲಿ ಅಳ್ತಾ ಕೂತ್ರೆ ಬರೋ ಸೊಸೆ ಏನಂದ್ಕೋತಾಳೆ? ಎಳೀರೋ ಆ ಪೈನ್ ಕೊಳ್ಳಿ ಆಚೆಗೆ!”

ಪಾನ್ ಸಿಂಗ್ ಕೊಳ್ಳಿಗಳನ್ನು ಎಳೆದುಹಾಕಿದ. ಹೊಗೆ ತಿಳಿಯಾಯಿತು. ಖಿಮುಲಿ ಮಾತ್ರ ಇನ್ನೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು.