ನಿಸಿಬಿಸ್ ಗೋಡೆಯ ಮೂಳೆ

ಸೋತು ಊರು ಬಿಡುವುದು ಬೇರೆ, ಸೋಲದೆ ಬಿಡುವುದು ಬೇರೆ. ಪಾರಸಿಕರು ಮೂರು ಸಲ ಮುತ್ತಿಗೆ ಹಾಕಿದ್ದರೂ ರೋಮಿನ ಗಡಿಯೂರು ನಿಸಿಬಿಸ್ ಜಗ್ಗಿರಲಿಲ್ಲ. ಈಗ ರೋಮಿನ ಹೊಸ ದೊರೆ, ಪಾರಸಿಕರ ನಾಡಿನಲ್ಲಿ ಸಿಕ್ಕಿಬಿದ್ದ ತನ್ನ ಸೈನ್ಯವನ್ನು ಬಿಡಿಸಿಕೊಳ್ಳಲು, ಊರನ್ನೇ ಅವರಿಗೆ ಬರೆದುಕೊಟ್ಟಿದ್ದ. ಕೋಟೆಯ ಮೇಲೆ ಅವರ ಬಾವುಟ ಏರಿತ್ತು. ಸಂಜೆಯೊಳಗೆ ಊರು ಖಾಲಿಯಾಗಬೇಕು, ಉಳಿದವರಿಗೆ ಕತ್ತಿ.

ಆ ಊರಿನವರು ಸತ್ತವರನ್ನು ಬಿಟ್ಟು ಹೋಗುವವರಲ್ಲ. ಜನವೆಲ್ಲ ಸ್ಮಶಾನ ಅಗೆದು ತಮ್ಮವರ ಮೂಳೆಗಳನ್ನು ಗಂಟು ಕಟ್ಟುತ್ತಿದ್ದರು. ಗಾರೆ ಕೆಲಸದ ಬರ್ಸೌಮನ ಮಗ ಶಮೂನ ಮಾತ್ರ ಸ್ಮಶಾನದಲ್ಲಿರಲಿಲ್ಲ. ಹಿಂದೊಮ್ಮೆ ಪಾರಸಿಕರು ಹೊಳೆಗೆ ಕಟ್ಟೆ ಕಟ್ಟಿ ನೀರು ನುಗ್ಗಿಸಿದಾಗ ಕೋಟೆ ಗೋಡೆ ಒಡೆದಿತ್ತು. ಆ ಕಂಡಿಯಲ್ಲೇ ಕಾದಾಡುತ್ತ ಶಮೂನ ಸತ್ತು ಬಿದ್ದಿದ್ದ. ಹೂಳಲು ಪುರುಸೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ, ಅಪ್ಪನೇ ಅವನ ಮೇಲೆ ಗೋಡೆ ಎಬ್ಬಿಸಿದ್ದ.

ಬರ್ಸೌಮನ ಹೆಂಡತಿ ತಕ್ಲಾ ಹೊಸ್ತಿಲ ಮೇಲೆ ಕೂತುಬಿಟ್ಟಳು. “ಅವನನ್ನ ತನ್ನಿ, ಬರ್ತೀನಿ. ಇಲ್ದಿದ್ರೆ ಇಲ್ಲೇ ಕಡಿಸ್ಕೋತೀನಿ. ಎಡಗೈ ನೋಡಿ, ಚಿಕ್ಕೋನಿದ್ದಾಗ ಮುರಿದು ಗಂಟು ಕೂತಿತ್ತಲ್ಲ.”

ಬರ್ಸೌಮ ಹಾರೆ ಹಿಡಿದು, ಕರಣೆ, ಗಾರೆಯ ಬುಟ್ಟಿ ಹೊತ್ತು ಹೋದ. ಗೋಡೆಯ ಬುಡದಲ್ಲಿ ಪಾರಸಿಕ ಕಾವಲುಗಾರನೊಬ್ಬ ಖರ್ಜೂರ ತಿನ್ನುತ್ತ ಕೂತಿದ್ದ.

“ಏನಜ್ಜ, ಆನೆ ತಂದು ಗುದ್ದಿದ್ರೂ ಬೀಳದ ಗೋಡೆ, ನೀನು ಕೆಡವ್ತೀಯಾ? ಈಗ ನಮ್ದು ಅದು.”

“ಒಂದೇ ಕಲ್ಲಪ್ಪ. ಒಳಗೆ ನನ್ನ ಮಗ ಇದಾನೆ.”

ಕಾವಲುಗಾರ ಬೀಜ ಉಗಿದ. “ತೆಗಿ. ಆದ್ರೆ ಮೊದಲಿದ್ದ ಹಾಗೇ ಮುಚ್ಚಬೇಕು.”

ಕಲ್ಲು ಹೊರಬಂತು. ಒಳಗೆ ಒಬ್ಬನಲ್ಲ, ಹಲವರಿದ್ದರು. ಒಬ್ಬನ ಪಕ್ಕೆಲುಬು ಇನ್ನೊಬ್ಬನದರೊಳಗೆ. ಮುದುಕ ಒಂದೊಂದೇ ತೋಳನ್ನು ಸವರಿ ನೋಡಿದ. ಗಂಟು ಸಿಗಲಿಲ್ಲ. ಪಾರಸಿಕರ ನಡುಪಟ್ಟಿಯ ಬಿಲ್ಲೆಯೊಂದು ಕೈಗೆ ಬಂತು. ಕಾವಲುಗಾರ ಅದನ್ನು ಇಸಿದುಕೊಂಡು ಉಜ್ಜಿ ನೋಡಿದ. ತಿನ್ನುವುದನ್ನು ನಿಲ್ಲಿಸಿದ.

“ಇದ್ರಲ್ಲಿ ನಿಮ್ಮೋರ್ಯಾರು, ನಮ್ಮೋರ್ಯಾರು?”

“ಕಟ್ಟೋವಾಗ ನೋಡ್ಲಿಲ್ಲಪ್ಪ.”

ಹೊತ್ತು ಇಳಿಯುತ್ತಿತ್ತು. ಬರ್ಸೌಮ ಒಂದು ತೋಳಿನ ಮೂಳೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಕಲ್ಲು ಕೂರಿಸಿ, ಸಂದಿಗೆ ಗಾರೆ ತುಂಬಿ, ರೂಢಿಯಂತೆ ಕರಣೆಯ ಹಿಡಿಯಿಂದ ತಟ್ಟಿ ನೋಡಿದ. ಗಟ್ಟಿಯಾಗಿತ್ತು. ಇನ್ನು ರೋಮಿನವರೇ ಬಂದು ಗುದ್ದಿದರೂ ಅಲುಗದು.

ತಕ್ಲಾ ಬಟ್ಟೆ ಬಿಚ್ಚಿ ಮೂಳೆಯ ಉದ್ದಕ್ಕೂ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ನೆಟ್ಟಗಿತ್ತು. ಗಂಡ ನೆಲ ನೋಡುತ್ತಿದ್ದ.

“ಯಾವ ತಾಯಿ ಮಗನೋ, ಪಾಪ. ಇವನನ್ನ ಕರ್ಕೊಂಡು ಹೋಗಿ,” ಎಂದಳು. “ನನ್ನೋನು ಗೋಡೇಲೇ ಇದಾನೆ.”

ಬರ್ಸೌಮ ಹೋಗಲಿಲ್ಲ. ಹಾರೆಯನ್ನು ಬಾಗಿಲಿಗೆ ಒರಗಿಸಿ, ಆ ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ ಕೂತ. ಬೀದಿಯ ಕೊನೆಯಲ್ಲಿ ಜನ ತಮ್ಮ ತಮ್ಮ ಗಂಟು ಹೊತ್ತು ಊರಬಾಗಿಲು ದಾಟುತ್ತಿದ್ದರು.