ಉರುಲು ಮತ್ತು ಸಿಕ್ಕು

ಮುಗದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮೈಲಾರಪ್ಪ ಮಾಸ್ತರರಿಗೆ, ಗೊತ್ತಿಲ್ಲದ್ದನ್ನೂ ಗಟ್ಟಿ ದನಿಯಲ್ಲಿ ಹೇಳಿದರೆ ಹುಡುಗರು ನಂಬುತ್ತಾರೆ ಎಂಬುದು ಹದಿನೆಂಟು ವರ್ಷದ ಅನುಭವ. ಒಂಬತ್ತನೇ ಕ್ಲಾಸಿನ ಫಿಜಾ ಎದ್ದು, "ಸರ್, ಪಾಠದಾಗ ಮೊಲಾ ಹಿಡಿಯೂದಕ್ಕ ‘ಸ್ನೇರ್’ ಅಂತ ಐತ್ರಿ. ಪೇಪರಿನ್ಯಾಗ ಟ್ರಾಫಿಕ್ಕಿಗೆ ‘ಸ್ನಾರ್ಲ್’ ಅಂತ ಬರದಾರ. ಎರಡೂ ಒಂದೇ ಏನ್ರಿ?" ಎಂದು ಕೇಳಿದಾಗಲೂ ಅವರು ತಡವರಿಸಲಿಲ್ಲ.

"ಒಂದೇ. ಒಂದು ಲಂಡನ್ನಿಂದು, ಒಂದು ಅಮೆರಿಕಾದ್ದು. ಬರ್ಕೋರಿ."

ನಲವತ್ತು ಮಕ್ಕಳು ಬರೆದುಕೊಂಡರು.

ಮರುದಿನ ಮಾಸ್ತರರು ಮಾಳಮಡ್ಡಿಯ ತಮ್ಮ ಮನೆಯಿಂದ ಹೊರಟ ಬಸ್ಸು ತಡವಾಯಿತು. ಮುಗದದಲ್ಲಿ ಇಳಿದವರು ಸಾಲಿಗೆ ಲಗೂ ಮುಟ್ಟಬೇಕೆಂದು ಗೋವಿನಜೋಳದ ಹೊಲದ ಬದು ಹಿಡಿದರು. ನಾಲ್ಕು ಹೆಜ್ಜೆಗೆ ಕಾಲಿಗೇನೋ ತೊಡಕಿತು. ಬಳ್ಳಿಯ ಸಿಕ್ಕು ಇರಬೇಕೆಂದು ಜೋರಾಗಿ ಎಳೆದರು, ಬಿಗಿಯಿತು. ಇನ್ನೂ ಜೋರಾಗಿ ಎಳೆದು ಮಕಾಡೆ ಬಿದ್ದರು. ಒಂದು ಬೂಟು ಬದುವಿನ ಪಕ್ಕದ ಕಾಲುವೆಗೆ ಹೋಯಿತು.

ಟ್ರ್ಯಾಕ್ಟರ್ ರಿಪೇರಿಗೆ ಹೊರಟಿದ್ದ ಫಿಜಾಳ ಅಜ್ಜ ಅಮೀನಸಾಬರು ಬಂದು ನೋಡಿದರು. "ಎಳೀಬ್ಯಾಡ್ರಿ ಸರ್. ಯಾರೋ ಹಂದಿಗೆ ಒಡ್ಡಿದ ಉರುಲಿದು. ಎಳದಷ್ಟೂ ಬಿಗೀತೈತಿ."

"ನಾ ಸಿಕ್ಕು ಅಂತ ತಿಳದಿದ್ದೆ."

"ಸಿಕ್ಕು ತಾನ ಆಗ್ತೈತ್ರಿ, ಸಾವಕಾಶ ಬಿಡಿಸಿದ್ರ ಬಿಚ್ಚತೈತಿ. ಉರುಲು ಹಂಗಲ್ಲ. ಒಬ್ರು ಹಾಕಬೇಕು, ಇನ್ನೊಬ್ರು ಬೀಳಬೇಕು." ರಿಪೇರಿಯ ಚೀಲದಿಂದ ಪಕ್ಕಡ ತೆಗೆದು ಉರುಲಿನ ತಂತಿ ಕತ್ತರಿಸಿದರು.

ಹುಲ್ಲಿನ ಮೇಲೆ ಕೂತೇ ಮಾಸ್ತರರು ನಕ್ಕುಬಿಟ್ಟರು. ಹದಿನೆಂಟು ವರ್ಷ ಡಿಕ್ಷನರಿ ಹಿಡಿದು ಓಡಾಡಿದವರಿಗೆ, ಸಾಲಿಯ ಮುಖ ಕಾಣದ ಮನುಷ್ಯ ಆ ಎರಡು ಶಬ್ದಗಳ ಫರಕನ್ನು ಎರಡೇ ಮಾತಿನಲ್ಲಿ ಬಿಡಿಸಿ ಹೇಳಿದ್ದ. ಅದೂ ತಾವು ಹಂದಿಯ ಜಾಗದಲ್ಲಿ ಬಿದ್ದಿದ್ದಾಗ.

ಕುಂಟುತ್ತ ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ ಬರೆದರು: ಸ್ನೇರ್ ಅಂದರೆ ಉರುಲು. ಸ್ನಾರ್ಲ್ ಅಂದರೆ ಸಿಕ್ಕು.

"ನಿನ್ನೆ ನಾ ಹೇಳಿದ್ದು ತಪ್ಪು. ಲಂಡನ್ನು, ಅಮೆರಿಕಾ ಎಲ್ಲಾ ನಾನ ಹುಟ್ಟಿಸಿದ್ದು. ಇದನ್ನ ಹೇಳಿಕೊಟ್ಟವರು ಫಿಜಾನ ಅಜ್ಜಾರು."

ಫಿಜಾ ನಾಚಿ ತಲೆ ತಗ್ಗಿಸಿದಳು. ನಿನ್ನೆಯದನ್ನು ಹೊಡೆದು ಹಾಕಿ ಮೆಲ್ಲಗೆ ಕೇಳಿದಳು, "ಸರ್, ಅದಕ್ಕಿಂತ ಹಿಂದಿನ ಹಾಳಿಯಾಗ ಬರದದ್ದು ಖರೇ ಏನ್ರಿ?"

ನಲವತ್ತು ನೋಟುಬುಕ್ಕುಗಳ ಹಾಳೆಗಳು ಹಿಂದಕ್ಕೆ ಮಗುಚತೊಡಗಿದವು. ಮಾಸ್ತರರು ಕುರ್ಚಿ ಎಳೆದುಕೊಂಡು ಕೂತರು.

"ಮೊದಲನೇ ಹಾಳಿಯಿಂದ ಓದವ್ವಾ. ಇವತ್ತ ಹೊಸಾ ಪಾಠ ಬ್ಯಾಡ."